ಬಾ ಎನ್ನಲು ಬಾರದ ಬೇಲಿ

ಹಕ್ಕಿಗೆ ಹಕ್ಕಿಯ ಮಾತಿನಲ್ಲೇ, ಚಿಗರಿಗೆ ಚಿಗರಿಯ ಮಾತಿನಲ್ಲೇ "ಇಲ್ಲಿಗೆ ಬರಬೇಡ" ಎಂದು ಹೇಳುವುದಕ್ಕೆ ಬಂದಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು! ನೀಲಗಟ್ಟಿಯ ಜನ ಈ ಮಾತನ್ನು ತಲೆತಲಾಂತರದಿಂದ ಹೊಲದ ಬದುವಿನ ಮೇಲೆ ಕೂತು, ಚಳಿಗೆ ಹಲ್ಲು ಕಟಕಟಿಸುತ್ತ ಆಡಿಕೊಂಡು ಬಂದಿದ್ದರು. ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅದು ನಿಜವೇ ಆಗಿಹೋಯಿತು.

ನೀಲಗಟ್ಟಿ ಎಂದರೆ ಒಂದು ಕೆರೆ, ಒಂದು ಗುಡ್ಡ, ಎರಡರ ನಡುವೆ ಎರೆಹೊಲ. ಚಳಿಗಾಲ ಬಂತೆಂದರೆ ಹಿಮಾಲಯ ದಾಟಿ ಪಟ್ಟೆತಲೆ ಬಾತುಗಳು ಕೆರೆಗೆ ಇಳಿಯುತ್ತವೆ. ಬಿಳಿ ತಲೆ, ಹಿಂದಲೆಗೆ ಎರಡು ಕಪ್ಪು ಗೆರೆ, ನಡಿಗೆಯಲ್ಲಿ ಹೊಸ ಅಳಿಯನ ಬಿಗುಮಾನ. ಊರವರು ಅವನ್ನು ಪರದೇಶಿ ಹಕ್ಕಿ ಎನ್ನುತ್ತಾರೆ. ಗುಡ್ಡದ ಮೇಲೆ ಚಿಗರಿ ಜಿಂಕೆ, ಕೊಂಡುಕುರಿ, ನರಿ, ತೋಳ. ಕೆರೆಯನ್ನೂ ಗುಡ್ಡವನ್ನೂ ಸೇರಿಸಿ ಸರ್ಕಾರ ಅಭಯಾರಣ್ಯವೆಂದು ಬೋರ್ಡು ಹಾಕಿತು; ನಡುವಿನ ಹೊಲ ಮಾತ್ರ ರೈತರದ್ದೇ ಉಳಿಯಿತು. ಹಕ್ಕಿಗೆ ನಿದ್ದೆ ಕೆರೆಯಲ್ಲಿ, ಊಟ ಹೊಲದಲ್ಲಿ. ಚಿಗರಿಗೆ ಮನೆ ಗುಡ್ಡದಲ್ಲಿ, ಊಟ ಅದೇ ಹೊಲದಲ್ಲಿ. ಅಂಥ ನೆಲದಲ್ಲಿ ಕಡಲೆ ಬಿತ್ತಿದವರು ಚಳಿಗಾಲವಿಡೀ ಕಂಬಳಿ ಹೊದ್ದು ಡಬ್ಬಿ ಬಡಿಯುತ್ತ ಕೂರಬೇಕಾಗಿತ್ತು.

ಆಮೇಲೆ ದನಿಬೇಲಿ ಬಂತು. ಬೇಲಿಯೆಂದರೆ ತಂತಿಯಲ್ಲ, ಮುಳ್ಳಲ್ಲ. ಹೊಲಗಳ ಸುತ್ತ ಆಳೆತ್ತರದ ಕಂಬಗಳು, ಒಂದೊಂದಕ್ಕೂ ಒಂದು ಕಿವಿ, ಒಂದು ಕಣ್ಣು, ಒಂದು ಬಾಯಿ. ಬಾತು ಕಡಲೆಯತ್ತ ತಿರುಗಿದರೆ ಕಂಬವು ಬಾತಿನ ದನಿಯಲ್ಲೇ ಬೆದರಿದ ಕೂಗು ಹಾಕುತ್ತಿತ್ತು. ಎಷ್ಟು ನಿಜವಾಗಿ ಎಂದರೆ, ತನ್ನ ಜೊತೆಗಾರನೇ ಎಲ್ಲೋ ನರಿಯನ್ನು ಕಂಡು ಕೂಗಿದನೆಂದು ಹಕ್ಕಿ ನಂಬಿ ಹಿಂದಿರುಗುತ್ತಿತ್ತು. ಚಿಗರಿಗೆ ಹಿಂಡಿನ ಗಂಡು ಬೆದರಿದಾಗ ಹಾಕುವ ಸೀನು, ತೋಳಕ್ಕೆ ಗುರುತಿಲ್ಲದ ಬೇರೆ ತೋಳಗಳ ಊಳು. ಯಾರ ಮೈಗೂ ಒಂದು ಗೀರು ಬೀಳುತ್ತಿರಲಿಲ್ಲ. ಆ ಚಳಿಗಾಲ ನೀಲಗಟ್ಟಿಯ ಗಂಡಸರು ಮೊದಲ ಸಲ ತಮ್ಮ ತಮ್ಮ ಮನೆಯಲ್ಲಿ ಮಲಗಿದರು. ಇವರು ಇಷ್ಟು ಗೊರಕೆ ಹೊಡೆಯುತ್ತಾರೆಂದು ಗೊತ್ತಿರಲಿಲ್ಲ ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ದೂರಿಕೊಂಡರು.

ಬೇಲಿಯ ಉಸ್ತುವಾರಿ ಮಹಾನಂದಾಳದು. ದನಿಯ ವಿಜ್ಞಾನ ಓದಿದವಳು, ರಾಯಚೂರು ಪೇಟೆಯ ಮಗಳು, ನೀಲಗಟ್ಟಿಯ ಸೊಸೆ. ಕೆರೆ ಏರಿಯ ಮೇಲಿನ ನಿಯಂತ್ರಣ ಕೋಣೆಯಲ್ಲಿ ಅವಳು ಕೂತರೆ ಎಲ್ಲ ಕಂಬಗಳೂ ಕಂಡಿದ್ದು, ಕೇಳಿದ್ದು ಎದುರಿನ ಪರದೆಗೆ ಬರುತ್ತಿತ್ತು. ಆದರೆ ಬೇಲಿ ಹಾಕಿಸಿದವಳು ಅವಳಲ್ಲ, ಅವಳ ಅತ್ತೆ ಗುರುಸಿದ್ಧವ್ವ. ಊರೂರು ತಿರುಗಿ, ಬೇಡವೆಂದವರ ಜೊತೆ ಬಾಯಿ ಮಾಡಿ, ಬೇಲಿ ಕಮಿಟಿ ಕಟ್ಟಿ ಅದಕ್ಕೆ ಅಧ್ಯಕ್ಷಳಾಗಿದ್ದಳು. ಹೊಲದಲ್ಲಿ ಬೆಳೆ ಇರುವ ತನಕ ಕಮಿಟಿ ಒಪ್ಪದೆ ಬೇಲಿಯನ್ನು ಪೂರ್ತಿ ಆರಿಸಕೂಡದೆಂಬ ಕರಾರು ಬರೆಸಿದವಳೂ ಅವಳೇ. ವಾರಕ್ಕೊಮ್ಮೆ ಕೋಣೆಗೆ ಬಂದು ಸೊಸೆಗೆ ಹೇಳುತ್ತಿದ್ದಳು: "ಇನ್ನೊಂದ್ ಚೂರು ಜೋರ್ ಮಾಡವಾ. ಆ ಕಂಬ ಒದರೂದು ನಮ್ಮ ಓಣಿ ಹೆಣ್ಮಕ್ಕಳಕಿಂತ ಸಣ್ಣಗ ಐತಿ."

ದೀಪಾವಳಿಯವರೆಗೆ ಬೇಲಿ ಹೇಳಿದಷ್ಟು ಮಾಡುವ ಆಳಾಗಿತ್ತು. ದೀಪಾವಳಿ ಕಳೆದ ಮೇಲೆ ಇಲಾಖೆಯ ಮೇಲಿನವರು ಅದಕ್ಕೆ ಯಜಮಾನಿಕೆ ಕೊಟ್ಟರು. ಹಿಂದಿನ ಚಳಿಗಾಲಗಳಲ್ಲಿ ಕೆರೆಯ ದಂಡೆಯಿಂದ ಹಿಡಿದಿಟ್ಟಿದ್ದ ದನಿಗಳನ್ನೆಲ್ಲ ಅದರ ಕಿವಿಗೆ ಹಾಕಿ, ಯಾವ ಕೂಗಿಗೆ ಹಕ್ಕಿ ಎದ್ದು ಹಾರುತ್ತದೆ ಎಂಬುದನ್ನು ಅದೇ ಕಲಿಯುವಂತೆ ಮಾಡಿದರು. ಮನುಷ್ಯರು ಕೂಗಿ ಓಡಿಸುತ್ತಿದ್ದರೆ ತಾನೂ ದನಿಗೂಡಿಸಬೇಕು, ಇದು ಅದಕ್ಕೆ ಕೊಟ್ಟ ಹೊಸ ಬುದ್ಧಿ. ಇದರಲ್ಲಿ ತಪ್ಪೇನೂ ಯಾರಿಗೂ ಕಾಣಲಿಲ್ಲ, ಮಹಾನಂದಾಳಿಗೂ ಕಾಣಲಿಲ್ಲ.

ಎಳ್ಳಮವಾಸ್ಯೆಯ ಹಿಂದಿನ ದಿನ ಅವಳು ಪರದೆಯ ಮುಂದೆ ಕೂತಿದ್ದಾಗ ಜೊತೆಗಾರ ರಾಜೇಸಾಬ ನದಾಫ ತಾನೇ ಹೇಳಿದ: "ನಾಳೆ ನೀವು ಚರಗಕ್ಕ ಹೋಗ್ರಿ ಅಕ್ಕಾರ. ಇಲ್ಲಿ ನಾ ಕುಂದರ್ತೇನಿ."

"ಹಬ್ಬದ ದಿನ ನೀವೊಬ್ರ ದುಡೀತೀರೇನ್ರಿ?"

"ನಿಮ್ಮ ಅತ್ತಿಯವರು ಮಾಡಿದ್ದು ಶೇಂಗಾ ಹೋಳಿಗಿ ಒಂದೀಟು ಕಟಗೊಂಡು ಬರ್ರಿ. ಅದ ನನ್ನ ಹಬ್ಬ."

ಪರದೆಯ ಮೇಲೆ ಬಾತುಗಳು ನೀರಿನಂಚಿಗೆ ಒಂಟಿಕಾಲಲ್ಲಿ ನಿಂತು ತೂಕಡಿಸುತ್ತಿದ್ದವು. ಕೆಳಗಡೆ ಬೇಲಿ ತನ್ನ ಎಂದಿನ ವರದಿ ಬರೆದಿತ್ತು: ಎಲ್ಲ ಶಾಂತ.

ಮರುದಿನ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಜ್ಜೆ ರೊಟ್ಟಿಯ ರಾಶಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು, ಹೋಳಿಗೆ. ಪೂಜೆಯಾದ ಮೇಲೆ ಹೊಲಕ್ಕೆಲ್ಲ ಚೆಲ್ಲುವ ಚರಗದ ಬುಟ್ಟಿಗೆ ಎಲ್ಲದರಲ್ಲೂ ಒಂದು ಪಾಲು ಹಾಕಿ ಗುರುಸಿದ್ಧವ್ವ ಕಲಸುತ್ತಿದ್ದಳು. ಎರಡು ದಿನದಿಂದ ನೆಗಡಿಯಾಗಿ ಅವಳ ಗಂಟಲು ಕಟ್ಟಿತ್ತು. ಹಾಗೆಂದು ಮಾತೇನೂ ಕಡಿಮೆಯಾಗಿರಲಿಲ್ಲ.

"ಇಷ್ಟ್ಯಾಕ್ರಿ ಅತ್ತಿ? ಚೆಲ್ಲೂದಕ್ಕ ಒಂದ್ ಮುಟಗಿ ಸಾಲೂದಿಲ್ಲೇನ್ರಿ?" ಎಂದಳು ಮಹಾನಂದಾ.

"ಕಂಡದ್ದಕ್ಕೂ ಆಗಬೇಕು, ಕಾಣದ್ದಕ್ಕೂ ಆಗಬೇಕು. ಭೂಮ್ತಾಯಿ ಬಸುರಿದ್ದಾಳ, ಆಕೀ ಹೆಸರಿನ ಮ್ಯಾಲ ಇರಿವಿಯಿಂದ ಹಿಡದು ಎಲ್ಲಾರೂ ಉಣಬೇಕು."

"ಕಡ್ಲಿ ತಿನ್ನಾಕ ಬಂದ್ರ ಓಡಸೂದು, ಕಡಬು ತಿನ್ನಾಕ ಕರಿಯೂದು. ಇದ್ಯಾವ ನ್ಯಾಯರಿ?"

ಗುರುಸಿದ್ಧವ್ವ ನಕ್ಕಳು. "ಅಕ್ಕಿ ಮ್ಯಾಲೂ ಆಸೆ, ನೆಂಟರ ಮ್ಯಾಲೂ ಪ್ರೀತಿ. ನಮ್ದು ಹಂಗ ಐತಿ ನೋಡವಾ ಬಾಳೇವು."

ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ ಊರೆಲ್ಲ ಹೊಲದಲ್ಲಿತ್ತು. ಬನ್ನಿಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿದರು. ಇನ್ನು ಚರಗ. ಒಬ್ಬರು ಬುಟ್ಟಿಯಿಂದ ತೆಗೆದು ಬೀಸಿ ಚೆಲ್ಲಬೇಕು, ಇನ್ನೊಬ್ಬರು ಹುಲ್ಲುಲ್ಲಿಗೋ ಎಂದು ಕೂಗಬೇಕು. ಯಾವಾಗಲೂ ಕೂಗುವವಳು ಗುರುಸಿದ್ಧವ್ವ. ಈ ಸಲ ಗಂಟಲು ತೋರಿಸಿ ಕೆಲಸವನ್ನು ಸೊಸೆಗೆ ದಾಟಿಸಿದಳು. ಬುಟ್ಟಿ ಮಹಾನಂದಾಳ ಗಂಡ ಮಲ್ಲೇಶಿಯ ಕೈಗೆ ಹೋಯಿತು.

ಮಹಾನಂದಾ ಮೆಲ್ಲಗೆ "ಹುಲ್ಲುಲ್ಲಿಗೋ" ಎಂದಳು.

"ಬಾಯಿಬಿಟ್ಟು ಕೂಗವಾ! ಆಫೀಸಿನ್ಯಾಗ ಫೋನ್ ಮಾಡಿದಂಗ ಮಾಡಬ್ಯಾಡ. ನೆಲಕ್ಕ ಕೇಳಬೇಕು!"

ಪಕ್ಕದ ಹೊಲದವರು ನಗುತ್ತಿದ್ದರು. ಮಹಾನಂದಾಳಿಗೆ ರೋಷ ಬಂತು. ಸೆರಗು ಸಿಕ್ಕಿಸಿ, ಎದೆತುಂಬ ಉಸಿರೆಳೆದು "ಹುಲ್ಲುಲ್ಲಿಗೋ... ಹುಲ್ಲುಲ್ಲಿಗೋ..." ಎಂದು ಕೂಗಿದಳು. ಮಲ್ಲೇಶಿ ಕೈ ಬೀಸಿ ಚೆಲ್ಲಿದ. ಸುತ್ತಲ ಹೊಲಗಳಿಂದಲೂ ಅದೇ ಕೂಗು ಎದ್ದಿತು, ನೂರಾರು ಕೈ ಬೀಸಿದವು.

ಬದುವಿನ ಮೇಲಿದ್ದ ಕಂಬ ತನ್ನ ಕಣ್ಣನ್ನು ಅವಳತ್ತ ತಿರುಗಿಸಿತು. ಮರುಕ್ಷಣ ಅದರ ಬಾಯಿಯಿಂದ ಬೆದರಿದ ಬಾತಿನ ಕಿರುಚು ಹೊರಟಿತು. ಅದರ ಆಚೆಯ ಕಂಬ, ಅದರಾಚೆಯದು, ಕೆರೆಯಿಂದ ಗುಡ್ಡದವರೆಗೆ ಒಂದೂ ಬಿಡದಂತೆ ಎಲ್ಲ ಕಂಬಗಳೂ ಹಿಂದೆಂದೂ ಇಲ್ಲದ ಜೋರಿನಲ್ಲಿ ಅರಚತೊಡಗಿದವು.

"ಅಗಾ, ಬೇಲೀನೂ ಚರಗ ಚೆಲ್ಲಾಕತ್ತೈತಿ!" ಎಂದು ಪಕ್ಕದ ಹೊಲದ ಸಂಕಪ್ಪ ಚಪ್ಪಾಳೆ ತಟ್ಟಿದ. ಜನ ಹೋ ಎಂದು ನಕ್ಕರು. ಮಹಾನಂದಾ ಮಾತ್ರ ನಗಲಿಲ್ಲ. ಆ ಕಂಬಗಳು ಏನು ಹೇಳುತ್ತಿವೆ ಎಂಬುದು ಅವಳಿಗೆ ಗೊತ್ತಿತ್ತು: ಸಾವು ಬಂತು, ಏಳಿ, ಓಡಿ. ಕೆರೆಯ ಕಡೆಯಿಂದ ಹಕ್ಕಿಗಳು ಒಟ್ಟಿಗೆ ಎದ್ದ ಸದ್ದು ಬಂತು, ಬಿಸಿಲು ಕ್ಷಣಹೊತ್ತು ಮಂಕಾಯಿತು.

ಫೋನು ಬಡಿದುಕೊಂಡಿತು. "ಅಕ್ಕಾರ, ಲಗೂನ ಬರ್ರಿ!" ಎಂದ ರಾಜೇಸಾಬ. "ಊರಾಗಿನ ಮಂದಿ ಎಲ್ಲಾ ಕೂಡಿ ಹಕ್ಕಿ ಓಡಸಾಕತ್ತಾರ ಅಂತ ತಿಳಕೊಂಡೈತಿ ಇದು. ತಾನೂ ಸೇರಿಕೊಂಡೈತಿ. ಎಷ್ಟು ಇಳಿಸಿದ್ರೂ ಇಳೀವಲ್ದು, ಮಂದಿ ಇನ್ನೂ ಕೂಗಾಕತ್ತಾರ!"

ಮಲ್ಲೇಶಿಯ ಬೈಕಿನಲ್ಲಿ ಅವಳು ಕೆರೆ ಏರಿಯ ಕೋಣೆ ಸೇರಿದಾಗ ಪರದೆಯ ಮೇಲೆ ಕೆರೆ ಬರಿದಾಗಿತ್ತು. ಬಾತುಗಳು ಬಹಳ ಎತ್ತರದಲ್ಲಿ ಸುತ್ತುತ್ತಿದ್ದವು. ನೀರಿಗಿಳಿಯಲು ಬಾಗಿದಾಗಲೆಲ್ಲ ಕೆಳಗಿನಿಂದ ತಮ್ಮದೇ ಬಳಗದ ಕಿರುಚು ಕೇಳಿ ಮತ್ತೆ ಮೇಲೇರುತ್ತಿದ್ದವು. ಗುಡ್ಡದ ತಪ್ಪಲಲ್ಲಿ ಚಿಗರಿ ಹಿಂಡು ಎತ್ತ ಹೋಗಬೇಕೆಂದು ತಿಳಿಯದೆ ಮರಿಗಳನ್ನು ನಡುವೆ ಹಾಕಿಕೊಂಡು ನಿಂತಲ್ಲೇ ನಡುಗುತ್ತಿತ್ತು. ಆ ವರ್ಷ ಸುತ್ತಲ ಕೆರೆಗಳಲ್ಲಿ ನೀರಿರಲಿಲ್ಲ; ಇದನ್ನು ಬಿಟ್ಟರೆ ಈ ಹಕ್ಕಿಗಳಿಗೆ ಬೇರೆ ನೀರು ಬಹಳ ದೂರ. ಹೀಗೆ ಒಟ್ಟಿಗೆ ಬೆದರಿ ಬಿಟ್ಟ ಕೆರೆಗೆ ಬಾತುಗಳು ಆ ಚಳಿಗಾಲ ತಿರುಗಿ ಬಾರದ್ದನ್ನು ಮಹಾನಂದಾ ಬೇರೊಂದು ಕಡೆ ಒಮ್ಮೆ ಕಣ್ಣಾರೆ ಕಂಡಿದ್ದಳು. ಹೊತ್ತು ಮುಳುಗುವುದರೊಳಗೆ ಇವು ಇಳಿಯದಿದ್ದರೆ ಹೋದಂತೆಯೇ.

ಜನರ ಕೂಗು ನಿಂತರೂ ಹಾರುವ ಹಕ್ಕಿಗಳನ್ನು ಕಂಡು ಬೇಲಿ ಅರಚುತ್ತಲೇ ಇತ್ತು. ಅದನ್ನು ಪೂರ್ತಿ ಆರಿಸಬೇಕಿತ್ತು, ಅದಕ್ಕೆ ಕಮಿಟಿ ಒಪ್ಪಬೇಕಿತ್ತು. ಅವಳು ಅತ್ತೆಗೆ ಫೋನು ಹಚ್ಚಿ ಇದ್ದದ್ದನ್ನು ಇದ್ದಂತೆ ಹೇಳಿದಳು.

ಗುರುಸಿದ್ಧವ್ವ ಕೇಳಿದ್ದು ಒಂದೇ ಪ್ರಶ್ನೆ. "ಆರಿಸಿದ್ರ ಅವು ಕಡ್ಲಿಗೆ ಇಳೀತಾವೇನ?"

"ಇಳೀತಾವ್ರಿ ಅತ್ತಿ. ಇಳದ್ರ ಪುಣ್ಯ ಅನಬೇಕು."

ಗುರುಸಿದ್ಧವ್ವನ ಕಡಲೆ ಕಾಯಿಕಟ್ಟಿ ನಿಂತಿತ್ತು. ಬೇಲಿಯನ್ನು ನಂಬಿ ಈ ಸಲ ಬದುವಿನ ಅಂಚಿನ ತನಕ ಬಿತ್ತಿಸಿದ್ದಳು. ಬೇಲಿ ಬರಲೆಂದು ಊರೆಲ್ಲರ ಮುಂದೆ ಎದೆ ತಟ್ಟಿಕೊಂಡಿದ್ದವಳೂ ಅವಳೇ. ಈಗ ಅವಳೇ ಆರಿಸೆನ್ನಬೇಕು.

"ಪರದೇಶಿ ಅಂತ ಅವಕ್ಕ ಹೆಸರಿಟ್ಟವ್ರು ನಾವ," ಎಂದಳು ಕೊನೆಗೆ. "ಹಬ್ಬದ ದಿನ ಪರದೇಶಿನ ಉಪಾಸ ಹೊರಗ ಹಾಕಿ ಉಳಿಸಿಕೊಂಡ ಕಡ್ಲಿ ನನಗ ದಕ್ಕೂದಿಲ್ಲ. ತಡೀ, ಉಳಿದವ್ರನ್ನೂ ಕೇಳ್ತೇನಿ."

ಕಟ್ಟಿದ ಗಂಟಲಲ್ಲೇ ಅವಳು ಹೊಲದಿಂದ ಹೊಲಕ್ಕೆ ಹೋಗಿ ಕೇಳುವುದು ಫೋನಿನಲ್ಲಿ ಕೇಳಿಸುತ್ತಿತ್ತು. ಸಂಕಪ್ಪನ ದನಿ ಏರಿತು: "ಬೇಲೀನ ಎದ್ದು ಹೊಲ ಮೇದಂಗಾತಲ್ಲ ಅಧ್ಯಕ್ಷರ ಇದು!"

"ಮೇಯೂದು ಬೇಲಿ ಅಲ್ಲೋ ಸಂಕಪ್ಪ, ಬಾತು. ನಮ್ಮ ಹೊಲದಾಗ ಮೊದಲ ಇಳೀಲಿ, ಆತಿಲ್ಲೋ?"

ಸ್ವಲ್ಪ ಹೊತ್ತು ಗುಜುಗುಜು. ಆಮೇಲೆ ಸಂಕಪ್ಪನೇ ಹೇಳಿದ: "ನಿಮ್ಮ ಹೊಲದಾಗ ಇಳದು ನಮ್ಮ ಹೊಲಾ ಬಿಟ್ರ ಅದೂ ಅವಮಾನ. ಆರಸ್ರಿ ಅತ್ತಾಗ."

ರಾಜೇಸಾಬ ಗುಂಡಿ ಒತ್ತಿದ. ಬೇಲಿ ಹಾಕಿದಂದಿನಿಂದ ಮೊದಲ ಬಾರಿಗೆ ಕಂಬಗಳ ಬಾಯೆಲ್ಲ ಪೂರ್ತಿ ಆರಿದವು; ಕಿವಿ, ಕಣ್ಣು ಮಾತ್ರ ತೆರೆದೇ ಇದ್ದವು.

ಆದರೆ ಹಕ್ಕಿ ಇಳಿಯಲಿಲ್ಲ. ಭಯ ಹುಟ್ಟಿಸುವುದು ಗುಂಡಿಯ ಕೆಲಸ, ಕಳೆಯುವುದು ಗುಂಡಿಯ ಕೈಲಿರಲಿಲ್ಲ. ಹಿಂಡು ಸಾಲು ಕಟ್ಟಿಕೊಂಡು ಬಡಗಣದತ್ತ ತಿರುಗಿತು. ಮಹಾನಂದಾ ಬೇಲಿಯ ದನಿಗಳ ಉಗ್ರಾಣವನ್ನೆಲ್ಲ ತಡಕಾಡಿದಳು. ನರಿ ಬಂತು ಎನ್ನುವ ದನಿ, ಹದ್ದು ಬಂತು ಎನ್ನುವ ದನಿ, ಮರಿ ಸತ್ತಿತು ಎನ್ನುವ ದನಿ. ಹೋಗು ಎನ್ನುವುದಕ್ಕೆ ನೂರು ಬಗೆ ಇದ್ದವು, ಬಾ ಎನ್ನುವುದಕ್ಕೆ ಒಂದೂ ಇರಲಿಲ್ಲ. ಯಾರಿಗೂ ಅದು ಬೇಕಾಗಿರಲಿಲ್ಲ. ಕಿಟಕಿಯಾಚೆ ಅಭಯಾರಣ್ಯದ ಬೋರ್ಡು ನಿಂತಿತ್ತು. ಅಭಯ ಎಂದು ಹೆಸರಿಟ್ಟ ಜಾಗಕ್ಕೆ ಭಯವನ್ನೇ ಕಾವಲಿಟ್ಟೆವಲ್ಲ ಎನಿಸಿ ಅವಳಿಗೆ ಅಳು ಬಂತು.

"ಅಕ್ಕಾರ, ಇಲ್ನೋಡ್ರಿ!" ಎಂದ ರಾಜೇಸಾಬ.

ಗುಡ್ಡದಾಚೆಯ ಹಳ್ಳಿಯವರು ಪೂಜೆ ತಡವಾಗಿ ಆಗಲೇ ಚರಗಕ್ಕೆ ತೊಡಗಿದ್ದರು. ದೂರದ ಕಂಬವೊಂದರ ಕಿವಿಗೆ ಅವರ "ಹುಲ್ಲುಲ್ಲಿಗೋ" ಸಣ್ಣಗೆ ಬೀಳುತ್ತಿತ್ತು. ಪರದೆಯ ಮೇಲೆ ಬಾತುಗಳ ಸಾಲು ಆ ಕೂಗಿನಿಂದ ದೂರ ಸರಿಯಲಿಲ್ಲ, ಮುಂದಿನ ಹಕ್ಕಿಗಳು ಅದರತ್ತಲೇ ವಾಲಿದವು.

ಮಹಾನಂದಾ ಎದ್ದು ನಿಂತಳು. ಹಳೆಯ ದನಿಗಳನ್ನು ಹಿಡಿದದ್ದು ಕೆರೆಯ ದಂಡೆಯಿಂದ ಮಾತ್ರ. ಪ್ರತಿವರ್ಷ ಚರಗದ ಕೂಗೆದ್ದಾಗ ಬಾತುಗಳು ಕೆರೆ ಬಿಟ್ಟು ಹಾರಿದ್ದನ್ನು ಆ ಕಿವಿಗಳು ಕೇಳಿದ್ದವು. ಹಾರಿ ಎಲ್ಲಿಗೆ ಹೋದವೆಂದು ಕೇಳಲು ಹೊಲದಲ್ಲಿ ಆಗ ಕಿವಿಯೇ ಇರಲಿಲ್ಲ. ಹಕ್ಕಿ ಹೆದರಿ ಓಡಿತೆಂದು ಬೇಲಿ ಕಲಿಯಿತು. ಹಕ್ಕಿ ಹೋಗಿದ್ದು ಊಟಕ್ಕೆ!

"ಅತ್ತಿ," ಅವಳು ಫೋನಿನಲ್ಲಿ ಹೆಚ್ಚುಕಮ್ಮಿ ಚೀರಿದಳು, "ಮತ್ತೊಮ್ಮೆ ಚರಗ ಕೂಗ್ರಿ! ಎಲ್ಲಾರೂ ಕೂಗ್ರಿ! ಆ ಕೂಗು ಅವಕ್ಕ ಗೊತ್ತೈತಿ!"

"ಚೆಲ್ಲೂದು ಎಲ್ಲಾ ಚೆಲ್ಲಿ ಬುಟ್ಟಿ ಖಾಲಿ ಆತಲ್ಲವಾ! ಬರೇ ಬಾಯಿಲೆ ಕರದ್ರ ಅದು ಊಟಕ್ಕ ಕರದಂಗಲ್ಲ." ಮರುಗಳಿಗೆಯೇ ಗುರುಸಿದ್ಧವ್ವ ತಾನೇ ಹೇಳಿದಳು: "ಇರ್ಲಿ. ನಮ್ಮ ಊಟ ಐತಲ್ಲ, ಗಂಟು ಇನ್ನೂ ಬಿಚ್ಚಿಲ್ಲ."

ಹಾಗೆ ನೀಲಗಟ್ಟಿಯ ಜನ ತಮ್ಮ ಬುತ್ತಿಯ ಗಂಟು ಬಿಚ್ಚಿದರು. ಬೆಳಗಿನಿಂದ ಉಪವಾಸವಿದ್ದವರು ರೊಟ್ಟಿ ಮುರಿದು, ಕಡುಬು ಹಿಸುಕಿ, ಹೋಳಿಗೆ ಹರಿದು ಕೈ ಬೀಸಿ ಚೆಲ್ಲಿದರು. ಹುಲ್ಲುಲ್ಲಿಗೋ, ಹುಲ್ಲುಲ್ಲಿಗೋ! ಕಂಬಗಳ ಕಿವಿಗಳಿಂದ ಊರಿಗೆ ಊರೇ ಕೂಗುವುದು ಕೋಣೆಯನ್ನು ತುಂಬಿತು. ಅದರ ನಡುವೆ ಒಡೆದ ತಮಟೆಯಂಥ ಒಂದು ದನಿ ಅತ್ತೆಯದೆಂದು ಮಹಾನಂದಾ ಗುರುತಿಸಿದಳು. ಅವಳೂ ರಾಜೇಸಾಬನೂ ಏರಿಯ ಮೇಲೆ ಓಡಿ ನಿಂತು, ಕೇಳುವವರು ಯಾರಿದ್ದಾರೆಂದು ನೋಡದೆ ತಾವೂ ಕೂಗಿದರು.

ಸಾಲು ಮುರಿಯಿತು. ಮುಂದಿದ್ದ ಹಕ್ಕಿಗಳು ರೆಕ್ಕೆ ವಾಲಿಸಿ ತಿರುಗಿದವು, ಹಿಂದಿನವು ಹಿಂಬಾಲಿಸಿದವು. ಒಮ್ಮೆ ಕೆರೆಯ ಮೇಲೆ, ಒಮ್ಮೆ ಹೊಲದ ಮೇಲೆ ಸುತ್ತು ಹಾಕಿ, ಕಾಲು ಇಳಿಬಿಟ್ಟು, ಗದ್ದಲ ಮಾಡುತ್ತ ಗುರುಸಿದ್ಧವ್ವನ ಕಡಲೆಯ ನಟ್ಟನಡುವೆ ಇಳಿದವು. ಆಮೇಲೆ ಸಂಕಪ್ಪನ ಹೊಲದಲ್ಲಿ. ಆಮೇಲೆ ಎಲ್ಲೆಲ್ಲೂ.

ಮಹಾನಂದಾ ಹೊಲಕ್ಕೆ ಮರಳಿದಾಗ ಜನ ಬದುವಿನ ಮೇಲೆ ಸಾಲಾಗಿ ಕೂತು ತಮ್ಮ ಬೆಳೆಯನ್ನು ಬಾತು ತಿನ್ನುವುದನ್ನು ನೋಡುತ್ತಿದ್ದರು. ಯಾರೂ ಡಬ್ಬಿ ಬಡಿಯಲಿಲ್ಲ. ಗುಡ್ಡದ ಕಡೆಯಿಂದ ಚಿಗರಿಗಳು ಒಂದೊಂದೇ ಜೋಳದ ಸಾಲು ದಾಟಿ ಬಂದು, ಮನುಷ್ಯರನ್ನು ಕಂಡು ನಿಂತು, ಅವರು ಅಲುಗದ್ದನ್ನು ನೋಡಿ ಮೇಯತೊಡಗಿದವು. ಗುರುಸಿದ್ಧವ್ವನ ಗಂಟಲು ಪೂರ್ತಿ ಹೋಗಿತ್ತು. ಸೊಸೆಯನ್ನು ಕೈಮಾಡಿ ಕರೆದು ಪಕ್ಕಕ್ಕೆ ಕೂರಿಸಿಕೊಂಡು, ಉಳಿದಿದ್ದ ಒಂದೇ ರೊಟ್ಟಿಯನ್ನು ಮುರಿದು ಅರ್ಧ ಕೊಟ್ಟಳು. ಮದುವೆಯಾಗಿ ಎಂಟು ವರ್ಷದಲ್ಲಿ ಮಹಾನಂದಾಳಿಗೆ ಆ ಊರು ತನ್ನದು ಅನಿಸಿದ್ದು ಅವತ್ತೇ. ಈ ಜನರ ನಡುವೆ ತನ್ನನ್ನು ತಂದು ಕೂರಿಸಿದ ಯಾರಿಗೋ, ದೇವರಿಗೋ ದೈವಕ್ಕೋ, ಅವಳು ಮನಸ್ಸಿನಲ್ಲೇ ಕೈ ಮುಗಿದಳು.

"ಒಂದೀಟು ಜೋರ್ ಮಾಡು ಅಂದಿದ್ದೆ," ಎಂದು ಗುರುಸಿದ್ಧವ್ವ ಪಿಸುದನಿಯಲ್ಲಿ ಹೇಳಿದಳು. "ನನಗ ಬುದ್ಧಿ ಇರಲಿಲ್ಲ."

"ಹೋಳಿಗಿ ಏನರ ಉಳದಾವೇನ್ರಿ ಅತ್ತಿ? ರಾಜೇಸಾಬ ಅಣ್ಣಾರಿಗೆ ಮಾತು ಕೊಟ್ಟೇನಿ."

ಗುರುಸಿದ್ಧವ್ವ ಕಡಲೆಯತ್ತ ಬೆರಳು ತೋರಿಸಿದಳು. ಅಲ್ಲೊಂದು ಬಾತು ಹೋಳಿಗೆಯ ತುಂಡನ್ನು ಕೊಕ್ಕಿನಲ್ಲಿ ಹಿಡಿದು, ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಓಡುತ್ತಿತ್ತು.

ಬೇಲಿಯನ್ನು ಕೀಳಲಿಲ್ಲ, ಬೆಳೆಯೂ ಉಳಿಯಬೇಕಲ್ಲ. ಆದರೆ ಕಮಿಟಿ ಕೂತು, ಕೆರೆಯ ಪಕ್ಕದ ಒಂದು ಪಟ್ಟಿ ಹೊಲವನ್ನು ಊರೆಲ್ಲ ಸೇರಿ ಹಕ್ಕಿಗೂ ಚಿಗರಿಗೂ ಬಿತ್ತಿಕೊಡುವುದೆಂದು ತೀರ್ಮಾನಿಸಿತು. ಅಲ್ಲಿನ ಕಂಬಗಳು ಓಡಿಸುವುದಿಲ್ಲ, ಕರೆಯುತ್ತವೆ. ಕರೆಯುವ ದನಿ ಮಹಾನಂದಾಳ ಬಳಿ ಈಗಿತ್ತು: ಅಂದು ಕಡಲೆಗೆ ಇಳಿದ ಬಾತುಗಳು ಉಣ್ಣುತ್ತ ತಮ್ಮತಮ್ಮಲ್ಲಿ ಆಡಿದ ಸಣ್ಣ ಗೊಣಗು.

ಅದನ್ನು ಬೇಲಿಗೆ ಕಲಿಸುವ ದಿನ ರಾಜೇಸಾಬ ಪಕ್ಕದಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದ. ಗುರುಸಿದ್ಧವ್ವ ಅವನಿಗಾಗಿಯೇ ಮತ್ತೊಮ್ಮೆ ಮಾಡಿ ಕಳಿಸಿದ್ದಳು. ಮಹಾನಂದಾ ಮೊದಲು ಚರಗದ ಕೂಗನ್ನು ತೆರೆದಳು. ಅದರ ಕೆಳಗೆ ಬೇಲಿ ತನ್ನಷ್ಟಕ್ಕೆ 'ಓಡಿಸುವ ಕೂಗು' ಎಂದು ಬರೆದುಕೊಂಡಿತ್ತು. ಅವಳು ಅದನ್ನು ಅಳಿಸಿ 'ಊಟಕ್ಕೆ ಕರೆಯುವ ಕೂಗು' ಎಂದು ಬರೆದಳು.

ಬೇಲಿಗೆ ಯಾವ ದನಿ ಕಲಿಸಿದರೂ ಅದೊಂದು ಪ್ರಶ್ನೆ ಕೇಳುತ್ತದೆ. ಯಾವ ಪ್ರಾಣಿಗೆ ಯಾವ ದನಿ ಎಂದು ತಿಳಿಯದೆ ಅದರ ಕೆಲಸ ಸಾಗದು. ಪರದೆಯ ಮೇಲೆ ಅಕ್ಷರ ಮೂಡಿತು: 'ಯಾರನ್ನು?'

ಹೊರಗೆ ಬಾತುಗಳು ನೀರಿನಂಚಿಗೆ ಒಂಟಿಕಾಲಲ್ಲಿ ನಿಂತು ತೂಕಡಿಸುತ್ತಿದ್ದವು. ಮಹಾನಂದಾ ಒಂದು ಗಳಿಗೆ ಅವನ್ನೇ ನೋಡಿ, ಆಮೇಲೆ ಬರೆದಳು: 'ಕಂಡವರನ್ನೂ, ಕಾಣದವರನ್ನೂ.'